ವೆಲ್ಡ್‌ಹೋವನ್‌ನ ಸದ್ದಿಲ್ಲದ ಬೀದಿಯಲ್ಲಿ ಬಾಡಿಗೆ ಮನೆ: ಮದ್ದಳೆ ನುಡಿಸುವವರು ಏನು ನೋಡಿಕೊಳ್ಳಬೇಕು?

ಮದ್ದಳೆಮನೆ (ಶಿರಸಿ)

ನೆದರ್ಲ್ಯಾಂಡ್ಸ್‌ನಲ್ಲಿ ಬಾಡಿಗೆ ಮನೆಯಲ್ಲಿ ಇದ್ದು ಬಂದವರು, ಈಗಲೂ ಇರುವವರು ದಯವಿಟ್ಟು ದಾರಿ ಹೇಳಿ. ದೀಪಾವಳಿ ಮುಗಿಸಿಕೊಂಡು ನಾನು, ನನ್ನ ಹೆಂಡತಿ ಮತ್ತು ಮೂರೂವರೆ ವರ್ಷದ ಮಗಳು ವೆಲ್ಡ್‌ಹೋವನ್‌ಗೆ ಹೊರಡುತ್ತಿದ್ದೇವೆ. ಐಂಡ್‌ಹೋವನ್ ನಗರದ ಮಗ್ಗುಲಿಗೇ ಇರುವ ಊರು ಅದು. ಚಿಪ್ ತಯಾರಿಕೆಗೆ ಬೇಕಾಗುವ ಯಂತ್ರಗಳನ್ನು ಮಾಡುವ ಎಎಸ್‌ಎಂಎಲ್ ಕಂಪನಿಯ ಮುಖ್ಯ ಕಚೇರಿ ಅಲ್ಲಿದೆ. ನನಗೆ ಕೆಲಸ ಸಿಕ್ಕಿರುವುದು ಅದೇ ಉದ್ಯಮದ ಒಂದು ಸಣ್ಣ ಸಂಸ್ಥೆಯಲ್ಲಿ. ಮೊದಲ ಆರು ವಾರ ಅವರೇ ಉಳಿಯಲು ಜಾಗ ಕೊಡುತ್ತಾರೆ. ಅಷ್ಟರೊಳಗೆ ನಮ್ಮ ಮನೆಯನ್ನು ನಾವು ಹುಡುಕಿಕೊಳ್ಳಬೇಕು.

ಅಂತರ್ಜಾಲದಲ್ಲಿ ಒಂದು ಮನೆ ಕಣ್ಣಿಗೆ ಬಿದ್ದಿದೆ. ಸಾಲುಮನೆಗಳ ಬೀದಿ, ಎರಡೂ ಬದಿಯ ಮನೆಗಳಿಗೆ ಗೋಡೆ ಅಂಟಿಕೊಂಡಿದೆ. ಕೆಳಗೆ ಅಡುಗೆಮನೆ ಮತ್ತು ಹಜಾರ, ಮೇಲೆ ಮೂರು ಮಲಗುವ ಕೋಣೆ, ಹಿಂದೆ ಪುಟ್ಟ ಹಿತ್ತಲು. ಬಾಡಿಗೆ ತಿಂಗಳಿಗೆ 1,850 ಯೂರೋ. ಬೀದಿಯ ಆ ತುದಿ ಮುಚ್ಚಿರುವುದರಿಂದ ದಾಟಿಹೋಗುವ ವಾಹನಗಳಿಲ್ಲ. ನನ್ನ ಹೆಂಡತಿಗೆ ಬೇಕಾಗಿರುವುದು ಇಂಥ ನೆಮ್ಮದಿಯೇ. ಅವಳು ಬೆಳೆದದ್ದು ಶಿರಸಿಯ ಹಳೆ ಬಸ್ ನಿಲ್ದಾಣದ ಹತ್ತಿರ, ನಸುಕಿನಲ್ಲೇ ಬಸ್ಸಿನ ಹಾರ್ನ್ ಕೇಳುತ್ತ. ಮದುವೆಯಾಗಿ ನಮ್ಮ ತೋಟದ ಮನೆಗೆ ಬಂದ ಮೇಲೆ ಸದ್ದಿಲ್ಲದ ರಾತ್ರಿಗಳು ಅವಳಿಗೆ ಒಗ್ಗಿಹೋಗಿವೆ. ಪೇಟೆಯ ನಡುವೆ ರೈಲು ನಿಲ್ದಾಣದ ಪಕ್ಕದ ಫ್ಲ್ಯಾಟ್ ಬೇಡವೆಂದು ಮೊದಲೇ ಹೇಳಿದ್ದಾಳೆ.

ಏಜೆಂಟ್ ಮೂರು ತಿಂಗಳ ಠೇವಣಿ ಕೇಳುತ್ತಿದ್ದಾನೆ. ಅದರ ಮೇಲೆ ತನ್ನ ಶುಲ್ಕವೆಂದು ಒಂದು ತಿಂಗಳ ಬಾಡಿಗೆ. ಮನೆ ಬೇರೆಯವರ ಪಾಲಾಗದಂತೆ ಹಿಡಿದಿಡಲು 500 ಯೂರೋ ಮುಂಗಡ, ಅದೂ ಮನೆ ನೋಡುವ ಮೊದಲೇ. ಮಾಲೀಕರು ಕೆಲಸದ ಮೇಲೆ ವಿದೇಶಕ್ಕೆ ಹೋಗಿದ್ದಾರೆ, ಕರಾರು ಒಂದೇ ವರ್ಷಕ್ಕೆ ಎನ್ನುತ್ತಾನೆ. ಇದು ಅಲ್ಲಿನ ರೂಢಿಯೇ?

ಇನ್ನೊಂದು ವಿಷಯ ನನಗೆ ಇದಕ್ಕಿಂತ ಹೆಚ್ಚಿನದು. ನಾನು ಮದ್ದಳೆ ನುಡಿಸುತ್ತೇನೆ. ಅಪ್ಪ ತಾಳಮದ್ದಳೆಗಳಿಗೆ ಮದ್ದಳೆ ಹಿಡಿದುಕೊಂಡು ಹೋಗುತ್ತಿದ್ದರು; ನನ್ನ ಕೈ ತಿದ್ದಿದವರೂ ಅವರೇ. ಬೆಂಗಳೂರಿನಲ್ಲಿ ಕೆಲಸಕ್ಕಿದ್ದಾಗ ಅಭ್ಯಾಸ ಬಿಟ್ಟುಹೋಗಿ, ಮನೆಯಿಂದಲೇ ಕೆಲಸ ಮಾಡುವಂತಾದ ಮೇಲೆ ಮತ್ತೆ ಹಿಡಿತ ಬಂದಿದೆ. ದಿನವೂ ಸಂಜೆ ಮುಕ್ಕಾಲು ಗಂಟೆಯಾದರೂ ಕೂರದಿದ್ದರೆ ಬೆರಳು ಮಾತು ಕೇಳುವುದಿಲ್ಲ. ಇಲ್ಲಿ ನಮ್ಮ ಮನೆಗೂ ಪಕ್ಕದ ಮನೆಗೂ ನಡುವೆ ಎರಡು ಅಡಿಕೆ ತೋಟಗಳಿವೆ. ಅಲ್ಲಿ ನಡುವೆ ಇರುವುದು ಒಂದು ಗೋಡೆ. ಮದ್ದಳೆಯನ್ನು ಇನ್ನೊಮ್ಮೆ ಅಟ್ಟಕ್ಕೆ ಏರಿಸಿಡಲು ನನಗೆ ಮನಸ್ಸಿಲ್ಲ; ಹಾಗೆಂದು ಬಂದ ತಿಂಗಳಲ್ಲೇ ನೆರೆಯವರ ನಿದ್ದೆ ಕೆಡಿಸುವುದೂ ನನ್ನಿಂದಾಗದು. ಯಾವ ಬಗೆಯ ಮನೆ ಹುಡುಕಬೇಕು, ಯಾರ ಬಳಿ ಏನು ಕೇಳಬೇಕು?

ಬೇಸಿಗೆಯಲ್ಲಿ ಅಪ್ಪ, ಆಯಿ ಮೂರು ತಿಂಗಳ ಮಟ್ಟಿಗೆ ಬರುತ್ತಾರೆ. ಅಪ್ಪನಿಗೆ ಮಂಡಿನೋವು. ಆ ಮನೆಗಳ ಏಣಿಮೆಟ್ಟಿಲುಗಳ ಚಿತ್ರ ನೋಡಿದರೆ ಅದೂ ಒಂದು ಚಿಂತೆ.


ಶರಾವತಿಕೊಳ್ಳ (ಹೊನ್ನಾವರ, ಸದ್ಯ ಆಮ್‌ಸ್ಟಲ್‌ವೇನ್)

ನೋಡದ ಮನೆಗೆ ಒಂದು ಯೂರೋ ಕೂಡ ಕಳುಹಿಸಬೇಡಿ. ಉಳಿದ ಮಾತೆಲ್ಲ ಆಮೇಲಿನದು.

ನೀವು ಬರೆದಿರುವ ಬೇಡಿಕೆಗಳಲ್ಲಿ ಹೆಚ್ಚಿನವು ಇಲ್ಲಿನ ಕಾನೂನಿಗೆ ಎದುರಾಗಿವೆ. 2023ರ ಜುಲೈ 1ರಿಂದ ಜಾರಿಯಲ್ಲಿರುವ ಕಾಯ್ದೆಯ ಪ್ರಕಾರ ಠೇವಣಿ ಮೂಲ ಬಾಡಿಗೆಯ ಎರಡು ತಿಂಗಳ ಮೊತ್ತವನ್ನು ಮೀರುವಂತಿಲ್ಲ. ಮಾಲೀಕರ ಪರವಾಗಿ ಮನೆ ತೋರಿಸುವ ಏಜೆಂಟ್ ಬಾಡಿಗೆದಾರರಿಂದ ಮಧ್ಯಸ್ಥಿಕೆ ಶುಲ್ಕ ಪಡೆಯುವಂತಿಲ್ಲ. ಕರಾರು ಬರಹದಲ್ಲಿಯೇ ಇರಬೇಕು. ಒಂದು ವರ್ಷದ ಕರಾರನ್ನೂ ಸುಮ್ಮನೆ ಒಪ್ಪಬೇಡಿ: 2024ರ ಜುಲೈ 1ರಿಂದ ಅವಧಿಯಿಲ್ಲದ ಕರಾರೇ ನಿಯಮ, ಅವಧಿ ಹಾಕುವುದು ಕೆಲವು ಸಂದರ್ಭಗಳಿಗೆ ಮಾತ್ರ ಉಳಿದಿರುವ ಅಪವಾದ. ಮಾಲೀಕರು ಕೆಲಕಾಲ ಬೇರೆ ದೇಶಕ್ಕೆ ಹೋಗಿ ಮತ್ತೆ ತಮ್ಮದೇ ಮನೆಗೆ ಮರಳುವುದಿದ್ದರೆ ಅದಕ್ಕೆ ಕರಾರಿನಲ್ಲಿ ಪ್ರತ್ಯೇಕ ಷರತ್ತು ಬರೆಯಲು ಅವಕಾಶವಿದೆ. ಹಾಗಾಗಿ ವಿದೇಶಕ್ಕೆ ಹೋದ ಮಾಲೀಕರು ನಿಜವಾಗಿಯೂ ಇರುತ್ತಾರೆ, ಅಂಥವರ ಮನೆಗಳು ಸಾಮಾನುಗಳ ಸಮೇತ ಚೆನ್ನಾಗಿಯೂ ಇರುತ್ತವೆ. ಮೋಸಗಾರರು ಇದೇ ಕಥೆಯನ್ನು ಆರಿಸಿಕೊಳ್ಳುವುದು ಅದು ನಂಬುವಂತಿರುವುದರಿಂದಲೇ. ನನಗೂ ಹೀಗೊಬ್ಬ ಗಂಟುಬಿದ್ದಿದ್ದ. ಕೀಲಿಕೈಯನ್ನು ಕೊರಿಯರ್‌ನಲ್ಲಿ ಕಳುಹಿಸುತ್ತೇನೆ, ಹಣ ಮೊದಲು ಹಾಕಿ ಎಂದ. ಚಿತ್ರಗಳನ್ನು ಹಿಡಿದು ಹುಡುಕಿದರೆ ಅದೇ ಮನೆ ಬೇರೆ ಊರಿನಲ್ಲಿ ಮಾರಾಟದ ಜಾಹೀರಾತಿನಲ್ಲಿತ್ತು. ಮನೆ ಯಾರ ಹೆಸರಿನಲ್ಲಿದೆ ಎಂಬುದನ್ನು ಕಡಾಸ್ಟರ್ ಎಂಬ ಭೂದಾಖಲೆ ಸಂಸ್ಥೆಯ ಜಾಲತಾಣದಲ್ಲಿ ಕೆಲವೇ ಯೂರೋ ಕೊಟ್ಟು ಯಾರು ಬೇಕಾದರೂ ನೋಡಬಹುದು. ಕರಾರಿಗೆ ಸಹಿ ಹಾಕುವ ವ್ಯಕ್ತಿ ಅವರೇ ಹೌದೇ, ಅವರು ಅಧಿಕಾರ ಕೊಟ್ಟವರೇ ಎಂದು ತಾಳೆ ಹಾಕಿ.

ಹುಡುಕಲು ಪರಾರಿಯಸ್, ಫಂಡಾ ಎಂಬ ಮನೆ ಜಾಹೀರಾತಿನ ಜಾಲತಾಣಗಳೆರಡನ್ನೂ ನೋಡುತ್ತಿರಿ. ಒಳ್ಳೆಯ ಮನೆ ಬಂದ ದಿನವೇ ಹತ್ತಾರು ಮಂದಿ ಬರೆಯುತ್ತಾರೆ. ಆದ್ದರಿಂದ ಕೆಲಸದ ಕರಾರು, ಸಂಸ್ಥೆಯ ಪತ್ರ, ಪಾಸ್‌ಪೋರ್ಟ್ ಪ್ರತಿ, ಮನೆಯವರ ಬಗ್ಗೆ ನಾಲ್ಕು ಸಾಲು, ಎಲ್ಲವನ್ನೂ ಒಂದೇ ಕಡತದಲ್ಲಿ ಸಿದ್ಧವಾಗಿಡಿ. ಪಾಸ್‌ಪೋರ್ಟ್ ಪ್ರತಿಯ ಮೇಲೆ ಯಾವ ಉದ್ದೇಶಕ್ಕೆ ಕೊಟ್ಟಿದ್ದು ಎಂದು ಅಡ್ಡಲಾಗಿ ಬರೆದು ಕೊಡಿ. ನಿಮ್ಮ ಒಟ್ಟು ಸಂಬಳ ಬಾಡಿಗೆಯ ಮೂರು ಪಟ್ಟಾದರೂ ಇರಬೇಕೆಂದು ಹೆಚ್ಚಿನವರು ಕೇಳುತ್ತಾರೆ, ಕೆಲವರು ನಾಲ್ಕು ಪಟ್ಟು ಎನ್ನುತ್ತಾರೆ.

ಜಾಹೀರಾತಿನಲ್ಲಿ "ಕಾಲ್" ಎಂದಿದ್ದರೆ ಬರಿಯ ಗೋಡೆಗಳು: ನೆಲಹಾಸಿಲ್ಲ, ಪರದೆಯಿಲ್ಲ, ಎಷ್ಟೋ ಕಡೆ ದೀಪಗಳೂ ಇಲ್ಲ. ಹಳೆಯ ಬಾಡಿಗೆದಾರರು ನೆಲಹಾಸನ್ನು ಕಿತ್ತುಕೊಂಡೇ ಹೋಗಿರುತ್ತಾರೆ. ಹೊಸದಾಗಿ ಬರುವ ಕುಟುಂಬಕ್ಕೆ ನೆಲಹಾಸು ಮತ್ತು ಪರದೆ ಇರುವ "ಖೆಸ್ಟೊಫೇರ್ಡ್" ಮನೆ ಸಾಕು. ಮಂಚ ಮೇಜುಗಳನ್ನು ಬಳಸಿದವರಿಂದ ಅಗ್ಗವಾಗಿ ಕೊಳ್ಳಬಹುದು.

ಮಾಲೀಕರ ಬಳಿ ಮೊದಲು ಕೇಳಬೇಕಾದ ಪ್ರಶ್ನೆ, ಈ ವಿಳಾಸದಲ್ಲಿ ನಾವು ನೋಂದಾಯಿಸಿಕೊಳ್ಳಬಹುದೇ ಎಂಬುದು. ನಾಲ್ಕು ತಿಂಗಳಿಗಿಂತ ಹೆಚ್ಚು ಇರುವವರು ಬಂದ ಐದು ದಿನಗಳೊಳಗೆ ಪುರಸಭೆಗೆ ತಿಳಿಸಬೇಕು. ಬಿಎಸ್ಎನ್ ಎಂಬ ನಾಗರಿಕ ಸಂಖ್ಯೆ ಬರುವುದು ಆ ನೋಂದಣಿಯಿಂದ; ಸಂಬಳ, ಬ್ಯಾಂಕ್ ಖಾತೆ, ಆರೋಗ್ಯ ವಿಮೆ ಎಲ್ಲದಕ್ಕೂ ಅದೇ ಬೇಕು. ನೋಂದಣಿ ಬೇಡ ಎನ್ನುವ ಮಾಲೀಕರ ಮನೆ ಎಷ್ಟೇ ಚೆಂದವಿದ್ದರೂ ಬಿಟ್ಟುಬಿಡಿ. ಜನನ ಮತ್ತು ವಿವಾಹ ಪ್ರಮಾಣಪತ್ರಗಳಿಗೆ, ವಿದೇಶದಲ್ಲಿ ಮಾನ್ಯವಾಗುವಂತೆ ದೃಢೀಕರಿಸುವ ಅಪೊಸ್ಟಿಲ್ ಮುದ್ರೆಯನ್ನು ಊರಲ್ಲಿರುವಾಗಲೇ ಹಾಕಿಸಿ. ಹಳೆಯ ಪ್ರಮಾಣಪತ್ರ ಕನ್ನಡದಲ್ಲಿ ಮಾತ್ರ ಇದ್ದರೆ ಕನ್ನಡ, ಇಂಗ್ಲಿಷ್ ಎರಡೂ ಇರುವ ಹೊಸ ಪ್ರತಿ ಪಡೆದು ಅದರ ಮೇಲೆ ಮಾಡಿಸಿ. ಇದಕ್ಕೆ ವಾರಗಟ್ಟಲೆ ಹಿಡಿಯುತ್ತದೆ, ದೀಪಾವಳಿಯವರೆಗೆ ಕಾಯಬೇಡಿ.


ಗಜನಿಗದ್ದೆ (ಕುಮಟಾ)

ತಮ್ಮಾ, ನಾನು ರಾಟರ್‌ಡ್ಯಾಮ್ ಬಂದರಿನ ಕೆಲಸದಲ್ಲಿದ್ದವನು. ಪಕ್ಕದ ಕಾಪೆಲ್ಲೆ ಊರಿನ ಸಾಲುಮನೆಯಲ್ಲಿ ಮಕ್ಕಳನ್ನು ಬೆಳೆಸಿ, ನಿವೃತ್ತನಾಗಿ ಈಗ ಕುಮಟಾದಲ್ಲಿದ್ದೇನೆ. ಕಾನೂನಿನ ವಿಷಯವನ್ನು ಹೊನ್ನಾವರದ ತಂಗಿ ಚೆನ್ನಾಗಿ ಹೇಳಿದ್ದಾಳೆ. ನಾನು ಮದ್ದಳೆಯ ಮಾತಿಗೇ ಬರುತ್ತೇನೆ, ಏಕೆಂದರೆ ನಾನೂ ಆ ಮನೆಯಲ್ಲಿ ಹಾರ್ಮೋನಿಯಂ ಇಟ್ಟುಕೊಂಡು ಭಾಗವತಿಕೆಯ ಪದ ಹೇಳುತ್ತಿದ್ದೆ.

ಸಾಲಿನ ನಡುಮನೆಗೆ ಎರಡು ಬದಿಯ ನೆರೆ, ತುದಿಮನೆಗೆ ಒಂದೇ. ತುದಿಮನೆಯನ್ನೇ ಹುಡುಕು, ಬಾಡಿಗೆ ಸ್ವಲ್ಪ ಹೆಚ್ಚಾದರೂ ನಿನಗೆ ಅದು ತಕ್ಕದ್ದು. ಎರಡು ಮನೆ ಮಾತ್ರ ಜೋಡಿಯಾಗಿರುವವೂ ಇವೆ, ದುಬಾರಿ. ಹಳೆಯ ಮನೆಗಳಲ್ಲಿ ನಡುಗೋಡೆ ಒಂದೇ ಇಟ್ಟಿಗೆಯದು, ನೆರೆಯವರ ಕೆಮ್ಮು ಕೂಡ ಕೇಳಿಸುತ್ತದೆ. ಈಚಿನವುಗಳಲ್ಲಿ ಎರಡು ಗೋಡೆಗಳ ನಡುವೆ ಸಂದು ಬಿಟ್ಟಿರುತ್ತಾರೆ, ಸದ್ದು ಅಷ್ಟು ದಾಟುವುದಿಲ್ಲ. ಕಟ್ಟಿದ ವರ್ಷ ಜಾಹೀರಾತಿನಲ್ಲೇ ಇರುತ್ತದೆ. ಮದ್ದಳೆಯ ಪೆಟ್ಟು ಗೋಡೆಗಿಂತ ನೆಲದಿಂದ ಹೆಚ್ಚು ಹೋಗುತ್ತದೆ, ಮೇಲಿನ ಮರದ ಅಟ್ಟಣೆಯ ಮೇಲೆ ಕುಳಿತರಂತೂ ಇಡೀ ಸಾಲಿಗೆ ಗೊತ್ತಾಗುತ್ತದೆ. ಕೆಳಗಿನ ಹಜಾರದಲ್ಲಿ, ನೆರೆಗೋಡೆಯಿಂದ ದೂರದ ಮೂಲೆಯಲ್ಲಿ, ದಪ್ಪ ಕಂಬಳಿ ಹಾಸಿ ಕುಳಿತುಕೋ. ಚಂಡೆಯ ಆಸೆ ಮಾತ್ರ ಬೇಡ. ಅದು ಯಾವ ಗೋಡೆಗೂ ನಿಲ್ಲುವ ವಾದ್ಯವಲ್ಲ.

ಇದಕ್ಕಿಂತ ದೊಡ್ಡದು ನೆರೆಯವರೊಡನೆ ಮೊದಲೇ ಆಡುವ ಮಾತು. ಅಲ್ಲಿ ಹೊಸದಾಗಿ ಬಂದವರೇ ಪಕ್ಕದ ಬಾಗಿಲು ತಟ್ಟಿ ಪರಿಚಯ ಹೇಳಿಕೊಳ್ಳುವುದು ಪದ್ಧತಿ. ಅವರು ಬಂದು ಕೇಳಲಿ ಎಂದು ಕಾದರೆ ಕಾದೇ ಇರುತ್ತೀಯ. ಮೊದಲ ವಾರವೇ ಹೆಂಡತಿ, ಮಗಳ ಜೊತೆಗೆ ಹೋಗು, ಒಂದು ಡಬ್ಬದಲ್ಲಿ ತೊಡೆದೇವು ತೆಗೆದುಕೊಂಡು ಹೋಗು. ಮದ್ದಳೆಯನ್ನು ತೋರಿಸು, ನುಡಿಸಿಯೂ ತೋರಿಸು. ಆಮೇಲೆ ಕೇಳು: ಯಾವ ಹೊತ್ತು ನಿಮಗೆ ತೊಂದರೆಯಿಲ್ಲ? ಅಲ್ಲಿನವರು ಮನಸ್ಸಿನಲ್ಲಿ ಇಟ್ಟುಕೊಳ್ಳುವುದಿಲ್ಲ, ನೇರವಾಗಿ ಹೇಳುತ್ತಾರೆ. ನನ್ನ ಪಕ್ಕದ ಮನೆಯಾಕೆ ಆಸ್ಪತ್ರೆಯಲ್ಲಿ ರಾತ್ರಿ ಪಾಳಿಯ ದಾದಿ. ಆಕೆ ತನ್ನ ಪಾಳಿಯ ಪಟ್ಟಿಯನ್ನೇ ತಂದುಕೊಟ್ಟಳು; ನಾನು ಅದನ್ನು ಅಡುಗೆಮನೆಯಲ್ಲಿ ಅಂಟಿಸಿಕೊಂಡು ಅದರಂತೆ ನಡೆದೆ. ಎಷ್ಟು ವರ್ಷ ಕಳೆದರೂ ನಮ್ಮ ನಡುವೆ ಒಂದು ಕಹಿ ಮಾತು ಬರಲಿಲ್ಲ. ಭಾನುವಾರ ಮತ್ತು ರಾತ್ರಿ ಹತ್ತರಿಂದ ಬೆಳಗಿನ ಏಳರವರೆಗಿನ ಹೊತ್ತನ್ನು ಸುಮ್ಮನೆ ಬಿಟ್ಟುಬಿಡು. ನೆಂಟರು ಸೇರುವ ದಿನವಿದ್ದರೆ ಒಂದು ಚೀಟಿ ಬರೆದು ಅಂಚೆಗಿಂಡಿಯಲ್ಲಿ ಹಾಕು. ಮುಂದೆ ಯಾವಾಗಲಾದರೂ ಮನಸ್ತಾಪ ಬಂದರೆ ನೆರೆಹೊರೆಯವರ ನಡುವೆ ಮಾತುಕತೆ ಮಾಡಿಸುವ ಸ್ವಯಂಸೇವಕರು ಬಹಳಷ್ಟು ಊರುಗಳಲ್ಲಿ ಇದ್ದಾರೆ, ಹಣ ಪಡೆಯುವುದಿಲ್ಲ. ಬಾಡಿಗೆದಾರನ ಸದ್ದಿನ ಉಪದ್ರವ ಮುಂದುವರಿದರೆ ಮಾಲೀಕ ನ್ಯಾಯಾಲಯಕ್ಕೆ ಹೋಗಿ ಕರಾರು ಮುರಿಯಬಹುದು ಎಂಬುದೂ ನಿನಗೆ ತಿಳಿದಿರಲಿ.

ಕೈ ತುಂಬ ನುಡಿಸಬೇಕೆನಿಸಿದರೆ ಬಡಾವಣೆಯ ಸಮುದಾಯ ಭವನದಲ್ಲಿ ಕೋಣೆಯನ್ನು ಗಂಟೆಯ ಲೆಕ್ಕದಲ್ಲಿ ಕೊಡುತ್ತಾರೆ. ನಾವು ನಾಲ್ಕಾರು ಮಂದಿ ಸೇರಿ ಅಲ್ಲಿಯೇ ತಾಳಮದ್ದಳೆ ಮಾಡಿದ್ದೇವೆ.

ಮನೆಯೊಳಗಿನ ಸಂಗತಿ. ಶೌಚಾಲಯ ಸಾಮಾನ್ಯವಾಗಿ ಕೆಳಗಡೆ, ಮುಂಬಾಗಿಲ ಹತ್ತಿರ ಇರುತ್ತದೆ. ಸ್ನಾನದ ಮನೆ ಮೇಲೆ. ನಿನ್ನ ತಂದೆಯ ಮಂಡಿಗೆ ಕಷ್ಟ ಆ ಸ್ನಾನದ್ದೇ. ಅವರು ಬರುವ ತಿಂಗಳುಗಳಿಗೆ ಹಜಾರದಲ್ಲಿ ಮಂಚ ಹಾಕು, ಮೆಟ್ಟಿಲನ್ನು ದಿನಕ್ಕೆ ಒಮ್ಮೆ ಹತ್ತಿದರೆ ಸಾಕು ಎನ್ನುವಂತೆ ಮಾಡು. ಎರಡೂ ಬದಿಗೆ ಕೈಹಿಡಿ ಕೂರಿಸಲು ಮಾಲೀಕರ ಒಪ್ಪಿಗೆ ಕೇಳು. ಶೌಚಾಲಯದ ನೆಲದಲ್ಲಿ ನೀರು ಹರಿದುಹೋಗಲು ತೂತು ಇರುವುದಿಲ್ಲ, ನೀರು ಚೆಲ್ಲಿದರೆ ಅಲ್ಲಿಯೇ ನಿಲ್ಲುತ್ತದೆ. ಇದನ್ನು ಅಪ್ಪ, ಆಯಿಗೆ ಬರುವ ಮೊದಲೇ ತಿಳಿಸಿಡು. ಪ್ರತಿ ಅಂತಸ್ತಿನಲ್ಲೂ ಹೊಗೆ ಎಚ್ಚರಿಕೆಯ ಯಂತ್ರ 2022ರ ಜುಲೈನಿಂದ ಕಡ್ಡಾಯ. ಒಗ್ಗರಣೆಗೆ ಮೆಣಸು ಹಾಕುವ ಮೊದಲು ಅಡುಗೆಮನೆಯ ಕಿಟಕಿ ತೆರೆ. ಚಳಿಗಾಲದಲ್ಲಿಯೂ ದಿನಕ್ಕೆ ಒಂದಷ್ಟು ಹೊತ್ತು ಗಾಳಿಯಾಡಿಸದಿದ್ದರೆ ಗೋಡೆಯ ಮೂಲೆಯಲ್ಲಿ ಬೂಷ್ಟು ಏಳುತ್ತದೆ. ಮಲೆನಾಡಿನ ಮಳೆಗಾಲ ಕಂಡವನಿಗೆ ನಾನು ಬಿಡಿಸಿ ಹೇಳಬೇಕಿಲ್ಲ.

ತಿಂಗಳ ಬಾಡಿಗೆಯ ಹೊರಗೆ ಪುರಸಭೆಯ ಕಸದ ತೆರಿಗೆ, ಒಡ್ಡುಗಳನ್ನೂ ಕೊಳೆನೀರನ್ನೂ ನೋಡಿಕೊಳ್ಳುವ ನೀರು ಮಂಡಳಿಯ ತೆರಿಗೆ ಬಾಡಿಗೆದಾರನಿಗೇ ಬರುತ್ತವೆ. ಕೊಳೆನೀರಿನ ಶುದ್ಧೀಕರಣಕ್ಕೆ ಒಬ್ಬರೇ ಇರುವ ಮನೆಗೆ ಒಂದು ಪಾಲು, ಇಬ್ಬರು ಅಥವಾ ಹೆಚ್ಚು ಮಂದಿ ಇದ್ದರೆ ಮೂರು ಪಾಲು. ಈ ತೆರಿಗೆ ಕೊಡುವಾಗ ನನಗೆ ಎಂದೂ ಬೇಸರವಾಗಲಿಲ್ಲ. ನಾನಿದ್ದ ಕಡೆಯ ನೆಲ ಸಮುದ್ರಮಟ್ಟಕ್ಕಿಂತ ಕೆಳಗಿತ್ತು. ನೆರೆಯ ನ್ಯೂವರ್ಕೆರ್ಕ್ ಊರಿನಲ್ಲಿ ಅದು ಆರು ಮೀಟರ್‌ಗೂ ಹೆಚ್ಚು ಕೆಳಗಿದೆ. ನಮ್ಮ ಅಘನಾಶಿನಿಯ ಅಳಿವೆಯಲ್ಲಿ ಗಜನಿ ಗದ್ದೆಗೆ ಉಪ್ಪುನೀರು ನುಗ್ಗದಂತೆ ಒಡ್ಡು ಕಟ್ಟಿ ಕಗ್ಗ ಬತ್ತ ಬೆಳೆಯುತ್ತಿದ್ದೆವು, ಒಡ್ಡು ಒಡೆದರೆ ಎಲ್ಲರ ಗದ್ದೆಯೂ ಹೋಗುತ್ತಿತ್ತು, ಹಾಗಾಗಿ ಎಲ್ಲ ಮನೆಯವರೂ ಮಣ್ಣು ಹೊರಬೇಕಿತ್ತು. ಅಲ್ಲಿನ 21 ನೀರು ಮಂಡಳಿಗಳು ಅದೇ ಕೆಲಸವನ್ನು ಇಡೀ ದೇಶಕ್ಕೆ ಮಾಡುತ್ತಿವೆ. ಅವುಗಳ ಬೇರು 13ನೇ ಶತಮಾನದಷ್ಟು ಹಿಂದಿನದು. ವೆಲ್ಡ್‌ಹೋವನ್ ಎತ್ತರದ ನೆಲ, ಅಲ್ಲಿ ಸಮುದ್ರದ ಭಯವಿಲ್ಲ. ತೆರಿಗೆ ಇದ್ದೇ ಇದೆ.

ಹಿತ್ತಲನ್ನು ನೋಡಿಕೊಳ್ಳುವುದೂ ಬಾಡಿಗೆದಾರನ ಹೊಣೆ. ಬೇಲಿ ಕತ್ತರಿಸುವುದು, ಹಾಸುಗಲ್ಲುಗಳ ನಡುವಿನ ಕಳೆ ಕೀಳುವುದು, ಹುಲ್ಲು ಕೊಯ್ಯುವುದು. ತೋಟದಲ್ಲಿ ಬೆಳೆದ ನಿನಗೆ ಇದು ಸಂತೋಷದ ಕೆಲಸವೇ ಆಗುತ್ತದೆ.


ಕೋಡಿಬಾಗದವಳು (ಕಾರವಾರ, ಸದ್ಯ ವಾಲ್ರೆ)

ನಾನಿರುವ ವಾಲ್ರೆ ವೆಲ್ಡ್‌ಹೋವನ್‌ನ ಪಕ್ಕದ ಊರು. ಹಿರಿಯರು ಹೇಳಿದ್ದನ್ನೆಲ್ಲ ಒಪ್ಪುತ್ತೇನೆ, ಆದರೆ ನಿಮ್ಮ ಪತ್ನಿಯ ಪರವಾಗಿ ಒಂದು ಮಾತು ಸೇರಿಸಬೇಕು. ನಾನೂ ಗಂಡನ ಕೆಲಸಕ್ಕೆಂದು ಬಂದವಳು. ಮೊದಲ ಬೇಸಿಗೆಯಲ್ಲಿ ಈ ಸದ್ದಿಲ್ಲದ ಬೀದಿ ನನಗೆ ತುಂಬ ಹಿಡಿಸಿತು. ರಾತ್ರಿ ಹತ್ತಕ್ಕೂ ಬೆಳಕು, ಮಕ್ಕಳು ಬೀದಿಯಲ್ಲೇ ಆಡುತ್ತಿದ್ದವು. ಡಿಸೆಂಬರ್‌ನಲ್ಲಿ ಸೂರ್ಯ ಹುಟ್ಟುವುದು ಎಂಟೂವರೆ ದಾಟಿದ ಮೇಲೆ, ನಾಲ್ಕೂವರೆಗೆಲ್ಲ ಕತ್ತಲು. ಗಂಡ ಕತ್ತಲಲ್ಲಿ ಹೋಗಿ ಕತ್ತಲಲ್ಲಿ ಬರುವಾಗ, ಇಡೀ ದಿನ ಒಂದು ಮನುಷ್ಯ ದನಿ ಕಿವಿಗೆ ಬೀಳದಿದ್ದರೆ ಅದೇ ಮೌನ ಎದೆಯ ಮೇಲೆ ಕೂರುತ್ತದೆ. ಕಾರವಾರದಲ್ಲಿ ಬೆಳಿಗ್ಗೆ ಮೀನು ತರುವವಳ ಕೂಗು ಕೇಳಿ ಬೆಳೆದವಳು ನಾನು. ಆ ಮೊದಲ ಚಳಿಗಾಲ ನನಗೆ ಬಹಳ ಕಷ್ಟವಾಯಿತು.

ಹಾಗಾಗಿ ಮನೆಯ ಜೊತೆಗೆ ಅದರ ಸುತ್ತಲಿನ ಕಾಲ್ನಡಿಗೆಯ ದೂರವನ್ನೂ ನೋಡಿ. ಶಾಲೆ, ಗ್ರಂಥಾಲಯ, ದಿನಸಿ ಅಂಗಡಿ, ಬಸ್ ತಂಗುದಾಣ ನಡೆದು ಹೋಗುವಷ್ಟು ಹತ್ತಿರ ಇರಲಿ. ವೆಲ್ಡ್‌ಹೋವನ್‌ಗೆ ರೈಲು ನಿಲ್ದಾಣವಿಲ್ಲ, ಐಂಡ್‌ಹೋವನ್‌ಗೆ ಬಸ್ಸಿನಲ್ಲೋ ಸೈಕಲ್‌ನಲ್ಲೋ ಹೋಗಬೇಕು. ಬಸ್ ಓಡಾಟ ಚೆನ್ನಾಗಿದೆ. ಮಗಳಿಗೆ ನಾಲ್ಕು ತುಂಬಿದ ಕೂಡಲೇ ಶಾಲೆಗೆ ಸೇರಿಸಬಹುದು, ಐದಕ್ಕೆ ಕಡ್ಡಾಯ. ಸೀಟು ಬೇಗ ತುಂಬುವುದರಿಂದ ವಿಳಾಸ ಸಿಕ್ಕಿದ ವಾರವೇ ಶಾಲೆಗೆ ಬರೆಯಿರಿ. ಶಾಲೆಯ ಗೇಟಿನ ಬಳಿ ಸಿಕ್ಕ ತಾಯಂದಿರಿಂದಲೇ ನನ್ನ ಬದುಕು ಇಲ್ಲಿ ಬೇರೂರಿದ್ದು. ನೀವು ಉನ್ನತ ಕೌಶಲದ ವಲಸಿಗರ ಪರವಾನಗಿಯಲ್ಲಿ ಬರುತ್ತಿದ್ದರೆ ನಿಮ್ಮ ಪತ್ನಿಗೂ ಪ್ರತ್ಯೇಕ ಅನುಮತಿಯಿಲ್ಲದೆ ಕೆಲಸ ಮಾಡುವ ಹಕ್ಕಿದೆ. ಇದನ್ನು ಅವರಿಗೆ ಖಂಡಿತ ಹೇಳಿ.


ಮದ್ದಳೆಮನೆ (ಶಿರಸಿ)

ಅಕ್ಕಂದಿರೇ, ಮಾವ, ನಿಮ್ಮೆಲ್ಲರ ಮಾತನ್ನು ಮನೆಯವರೆಲ್ಲ ಕುಳಿತು ಓದಿದೆವು. ಏಜೆಂಟ್‌ಗೆ ಬರೆದು, ಮನೆ ತೋರಿಸಿದ ಮೇಲೆಯೇ ಹಣ, ಠೇವಣಿ ಎರಡೇ ತಿಂಗಳದ್ದು ಎಂದೆ. ಉತ್ತರ ಬರಲಿಲ್ಲ, ಜಾಹೀರಾತೂ ಮಾಯವಾಗಿದೆ. ಈಗ ಅದೇ ಊರಿನಲ್ಲಿ ಒಂದು ತುದಿಮನೆ ಸಿಕ್ಕುವಂತಿದೆ. ಬಾಡಿಗೆ ನೂರು ಯೂರೋ ಹೆಚ್ಚು, ಶಾಲೆ ಮತ್ತು ಬಸ್ ಎರಡೂ ನಡೆದು ಹೋಗುವಷ್ಟು ಹತ್ತಿರ. ಕೋಡಿಬಾಗದ ಅಕ್ಕನ ಮಾತು ಓದಿದ ಮೇಲೆ ನನ್ನ ಹೆಂಡತಿಯೇ ನಕ್ಷೆ ತೆಗೆದು ಗ್ರಂಥಾಲಯದ ದಾರಿಯನ್ನು ಹುಡುಕಿಟ್ಟಿದ್ದಾಳೆ. ನಾವು ತಲುಪುವ ಮೊದಲು ಅಲ್ಲಿರುವ ಸಹೋದ್ಯೋಗಿಯೊಬ್ಬರು ನಮ್ಮ ಪರವಾಗಿ ನೋಡಿ ಬರಲು ಒಪ್ಪಿದ್ದಾರೆ. ಅವರಿಗೆ ಏನೇನು ನೋಡಿ ಬರಲು ಹೇಳಲಿ?


ಶರಾವತಿಕೊಳ್ಳ (ಹೊನ್ನಾವರ, ಸದ್ಯ ಆಮ್‌ಸ್ಟಲ್‌ವೇನ್)

ಸಂತೋಷ. ಅವರು ಮನೆಯೊಳಗೆ ನಡೆಯುತ್ತಲೇ ನಿಮಗೆ ವಿಡಿಯೋ ಕರೆ ಮಾಡಲಿ. ಮೂಲೆಗಳಲ್ಲಿ ಬೂಷ್ಟು, ಕಿಟಕಿಗಳಿಗೆ ಎರಡು ಪದರದ ಗಾಜು ಇದೆಯೇ, ಇಂಧನ ದರ್ಜೆ ಎಷ್ಟು ಎಂಬುದನ್ನು ನೋಡಲಿ. ದರ್ಜೆ ತೀರಾ ಕೆಳಗಿನ ಎಫ್, ಜಿ ಆಗಿದ್ದರೆ ಬಾಡಿಗೆ ಕಡಿಮೆ ಎನಿಸಿದರೂ ಚಳಿಗಾಲದ ಗ್ಯಾಸ್ ಬಿಲ್ ಅದನ್ನು ನುಂಗುತ್ತದೆ. ಮನೆಗೆ ವಿಸ್ತಾರ, ಇಂಧನ ದರ್ಜೆ, ಸೌಲಭ್ಯಗಳನ್ನು ಲೆಕ್ಕ ಹಾಕಿ ಅಂಕ ಕೊಡುವ ಪದ್ಧತಿ ಇದೆ. 186 ಅಂಕಗಳವರೆಗಿನ ಮನೆಗೆ ಬಾಡಿಗೆಯ ಮಿತಿಯನ್ನು ಸರ್ಕಾರವೇ ಗೊತ್ತುಮಾಡಿದೆ. 2025ರ ಜನವರಿಯಿಂದ ಹೊಸ ಕರಾರುಗಳ ಜೊತೆ ಆ ಅಂಕಪಟ್ಟಿಯನ್ನು ಮಾಲೀಕರು ಕೊಡಲೇಬೇಕು, ಕೇಳಿ ಪಡೆಯಿರಿ. ಬಾಡಿಗೆ ಹೆಚ್ಚಾಯಿತೆನಿಸಿದರೆ ಮೊದಲ ಆರು ತಿಂಗಳೊಳಗೆ ಬಾಡಿಗೆ ಆಯೋಗದಿಂದ ಪರಿಶೀಲನೆ ಮಾಡಿಸಬಹುದು.

ಕೀಲಿಕೈ ಪಡೆಯುವ ದಿನ ಪ್ರತಿ ಕೋಣೆಯ ಚಿತ್ರ ತೆಗೆದು, ಮೀಟರ್ ಸಂಖ್ಯೆಗಳನ್ನು ಬರೆದು, ಇಬ್ಬರೂ ಸಹಿ ಹಾಕಿದ ವರದಿ ಇಟ್ಟುಕೊಳ್ಳಿ. ಬಿಡುವಾಗ ಹಾನಿ, ಬಾಕಿ ಏನೂ ಇಲ್ಲದಿದ್ದರೆ ಠೇವಣಿ 14 ದಿನಗಳಲ್ಲಿ ಮರಳಬೇಕು, ಕಡಿತವಿದ್ದರೆ 30 ದಿನಗಳಲ್ಲಿ, ಲೆಕ್ಕ ಸಮೇತ.


ಗಜನಿಗದ್ದೆ (ಕುಮಟಾ)

ಆ ಸಹೋದ್ಯೋಗಿ ಸಂಜೆ ಆರರ ನಂತರ ಹೋಗಲಿ. ಅಲ್ಲಿ ಊಟ ಆರಕ್ಕೆ, ಆ ಹೊತ್ತಿಗೆ ನೆರೆಯವರೆಲ್ಲ ಮನೆಯಲ್ಲಿರುತ್ತಾರೆ. ನೆರೆಗೋಡೆಗೆ ಹತ್ತಿರ ಐದು ನಿಮಿಷ ಮಾತಿಲ್ಲದೆ ನಿಂತು, ಆಚೆಯ ಮಾತು, ದೂರದರ್ಶನ, ಮೆಟ್ಟಿಲ ಸದ್ದು ಎಷ್ಟು ಬರುತ್ತದೆಂದು ಕೇಳಿಸಿಕೊಳ್ಳಲಿ. ಆಚೆಯದು ಇಲ್ಲಿಗೆ ಬಂದರೆ ಇಲ್ಲಿಯದು ಆಚೆಗೂ ಹೋಗುತ್ತದೆ. ವಾದ್ಯ ನುಡಿಸುವ ಸಂಗತಿಯನ್ನು ಮಾಲೀಕರಿಗೆ ಸಹಿಗೆ ಮೊದಲೇ ತಿಳಿಸಿ, ವಾರದ ದಿನಗಳಲ್ಲಿ ಇಂತಿಷ್ಟು ಹೊತ್ತು ಎಂದು ಕರಾರಿನಲ್ಲಿ ಒಂದು ಸಾಲು ಬರೆಸಿಕೋ. ಮದ್ದಳೆಯನ್ನು ಬಿಸಿನೀರಿನ ರೇಡಿಯೇಟರ್‌ ಹತ್ತಿರ ಇಡಬೇಡ, ಒಣಗಾಳಿಗೆ ಚರ್ಮ ಬಿಗಿದು ಶ್ರುತಿ ಏರುತ್ತದೆ. ಮೆಟ್ಟಿಲ ಕೆಳಗಿನ ಗೂಡು ಅದಕ್ಕೆ ಒಳ್ಳೆಯ ಜಾಗ.